ಕಾನ್ವೆಂಟಿನಲ್ಲಿ ಕಲಿಸುವುದು ಒಂದು, ರೀಲ್ಸ್‌ನಲ್ಲಿ ಕಾಣುವುದು ಇನ್ನೊಂದು. ಏಳನೇ ತರಗತಿಯ ಮಗಳಿಗೆ ಗೊಂದಲವಾಗದಂತೆ ಶಾಲೆ ಬದಲಿಸಬೇಕೆ?

ನನ್ನ ಮಗಳೂ ಏಳರಲ್ಲಿದ್ದಾಗಲೇ ನಾನು ಎಡವಿದ್ದು. 2017ರ ಮಾತು. ರೀಲ್ಸ್ ಬಂದದ್ದು 2020ರಲ್ಲಿ. ಆಗ ಟಿವಿಯ ಡ್ಯಾನ್ಸ್ ಷೋಗಳ ಕಾಲ.

ಬೆಂಗಳೂರಿನಲ್ಲಿ ಗಲ್ಲಿಗೊಂದು 'ಕಾನ್ವೆಂಟ್' ಬೋರ್ಡಿದೆ, ಎಷ್ಟೋ ಕಡೆ ಒಬ್ಬ ಸಿಸ್ಟರೂ ಇರುವುದಿಲ್ಲ. ನಮ್ಮದು ದಂಡು ಪ್ರದೇಶದಲ್ಲಿ ಸಿಸ್ಟರುಗಳೇ ನಡೆಸುವ ಶಾಲೆ. ಸೇರಿಸಿದ್ದು ಇಂಗ್ಲಿಷಿಗಾಗಿ, ಮೌಲ್ಯಕ್ಕಾಗಿ ಖಂಡಿತ ಅಲ್ಲ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋದಾಗ ನಮ್ಮವಳಿಗೆ ಮಾರಲ್ ಸೈನ್ಸ್. ನನ್ನ ಅಮ್ಮನಿಗೆ ಮತಾಂತರದ ಭಯ. ಸರ್ಕಾರದ ಮಾನ್ಯತೆ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಸಂವಿಧಾನದ 28ನೇ ವಿಧಿಯಲ್ಲೇ ಇದೆ ಎಂದರೂ ನಂಬಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಮತ್ತಾಯನ ಶುಭಸಂದೇಶದಲ್ಲಿದೆಯಂತೆ ಎಂದು ಮೊಮ್ಮಗಳು ಬಂದು ಹೇಳಿದ ದಿನ, "ಇದನ್ನು ನಮ್ಮಜ್ಜಿಯೂ ಹೇಳುತ್ತಿದ್ದಳಲ್ಲ" ಎಂದು ತಣ್ಣಗಾದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತರಗತಿಗೊಂದು ಡಬ್ಬಿ. ಪಫ್ಸ್ ತಿನ್ನದೆ ಉಳಿಸಿದ ದುಡ್ಡು ಅದಕ್ಕೆ. ಯಾರು ಎಷ್ಟು ಹಾಕಿದರೆಂದು ಕೇಳುವಂತಿಲ್ಲ. ಭಿಕ್ಷುಕನಿಗೆ ಬ್ರೆಡ್ಡು ಕೊಡುವಾಗಲೂ ಮೊಬೈಲ್ ಹಿಡಿಯುವ ಈಗಿನ ಕಾಲಕ್ಕೆ ಇದು ತದ್ವಿರುದ್ಧ, ಒಪ್ಪಿದೆ.

ಮಗಳು ಚೆನ್ನಾಗಿ ಕುಣಿಯುತ್ತಿದ್ದಳು. ಒಂದು ಷೋಗೆ ಆಡಿಷನ್ ಬಂತು, ಗುರುವಾರ ಮತ್ತು ಶುಕ್ರವಾರ. ಸಿಸ್ಟರ್ ರಜೆ ಕೊಡುವುದಿಲ್ಲವೆಂದು ನಾನೇ ತೀರ್ಮಾನಿಸಿ, ಗುರುವಾರ ಬೆಳಿಗ್ಗೆ ಫೋನ್ ಮಾಡಿ ಮಗುವಿಗೆ ಜ್ವರ ಎಂದೆ. ಭಾನುವಾರ ರಾತ್ರಿ ಡೈರಿಯಲ್ಲಿ 'ವೈರಲ್ ಜ್ವರ, ಎರಡು ದಿನ' ಎಂದು ಬರೆದೆ. ಮೂರು ದಿನವಾದರೆ ವೈದ್ಯರ ಚೀಟಿ ಕೇಳುತ್ತಿದ್ದರು, ಅದಕ್ಕೇ ಎರಡು. ನಂಬಿಕೆ ಬರಲೆಂದು 'ಕೆಮ್ಮು ಇನ್ನೂ ಇದೆ' ಎಂದೂ ಸೇರಿಸಿದೆ. ಬಾಯಿ ತಪ್ಪಿ ಬಂದ ಸುಳ್ಳಲ್ಲ ನೋಡಿ, ಲೆಕ್ಕ ಹಾಕಿ ಬರೆದದ್ದು. ಮಗಳು ಪಕ್ಕದಲ್ಲೇ ಪೆನ್ನಿನ ಮುಚ್ಚಳ ಹಿಡಿದು ನಿಂತಿದ್ದಳು. ಆ ಮುಚ್ಚಳವನ್ನು ನಾನೇ ಅವಳ ಕೈಗೆ ಕೊಟ್ಟಿದ್ದೆ.

ಸೋಮವಾರ ಅವಳ ಬೆಂಚಿನ ಮೇಲೆ ಡ್ರಾಯಿಂಗ್ ಹಾಳೆಯ ಕಾರ್ಡು, ಇಡೀ ತರಗತಿಯ ಸಹಿ. ಶುಕ್ರವಾರದ ಪ್ರಾರ್ಥನೆಯಲ್ಲಿ ಅವಳ ಜ್ವರ ಇಳಿಯಲೆಂದು ಎಲ್ಲರೂ ಕೈಮುಗಿದಿದ್ದರಂತೆ. ಸಂಜೆ ಅದನ್ನು ಊಟದ ಮೇಜಿನ ಮೇಲಿಟ್ಟು, "ಅಪ್ಪ, ಇದನ್ನು ಎಲ್ಲಿಡಲಿ?" ಎಂದಳು. ನಾನು ಸುದ್ದಿ ನೋಡುತ್ತಿರುವಂತೆ ನಟಿಸಿದೆ.

ಮರುದಿನ ಅವಳೇ ಹೋಗಿ ಹೇಳಿಬಿಟ್ಟಳು. ನನಗೆ ಕರೆ ಬಂತು. ಸಿಸ್ಟರ್ ತಮ್ಮ ಮಂಗಳೂರು ಕನ್ನಡದಲ್ಲಿ, "ಕೇಳಿದ್ದರೆ ನಾನು ರಜೆ ಕೊಡುತ್ತಿರಲಿಲ್ಲ, ಸತ್ಯ. ನೀವು ಬಂದು ಜಗಳ ಮಾಡಬಹುದಿತ್ತಲ್ಲ?" ಎಂದರು. ಅಷ್ಟೇ.

ಆದ್ದರಿಂದ ಶಾಲೆ ಬದಲಿಸಬೇಡಿ. ಶಾಲೆ ಮತ್ತು ರೀಲ್ಸ್ ಬೇರೆ ಬೇರೆ ಎಂದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನನ್ನವಳು ಡ್ಯಾನ್ಸ್ ಷೋ ನೋಡುತ್ತಲೇ ಮಾರಲ್ ಸೈನ್ಸ್ ಓದುತ್ತಿದ್ದಳು, ಯಾವ ಗೊಂದಲವೂ ಇರಲಿಲ್ಲ. ಗೊಂದಲ ತಂದದ್ದು ನನ್ನ ಸಹಿ. ಹಾಗೆಂದು ಶಾಲೆ ಹೇಳಿದ್ದಕ್ಕೆಲ್ಲ ತಲೆಯಾಡಿಸಲೂ ಬೇಡಿ. ಅದೇ ಶಾಲೆ ಕನ್ನಡ ಮಾತನಾಡಿದ್ದಕ್ಕೆ ದಂಡ ಹಾಕುತ್ತಿತ್ತು. ಜಗಳವಾಡಬೇಕಿದ್ದದ್ದು ಅದಕ್ಕೆ, ಆಗ ಸುಮ್ಮನಿದ್ದೆ. ಒಪ್ಪಿಗೆಯಾಗದ್ದನ್ನು ಪ್ರಾಂಶುಪಾಲರ ಕೋಣೆಯಲ್ಲಿ, ಮಗಳ ಎದುರಿಗೇ ಹೇಳಿ.

ಅಂದಹಾಗೆ, ಆಡಿಷನ್‌ನಲ್ಲಿ ಅವಳು ಆಯ್ಕೆಯಾಗಲಿಲ್ಲ. ಅದನ್ನು ಆ ವಾರವೇ ಮರೆತಳು. ಡೈರಿಗೆ ಮಾತ್ರ ಎಂಟನೇ ತರಗತಿ ಮುಗಿಯುವವರೆಗೂ ಅಮ್ಮನ ಸಹಿಯನ್ನೇ ಹಾಕಿಸಿಕೊಂಡಳು.