ಬಂಧಿತನೂ ಅಪರಾಧಿಯೂ ಒಂದೇ ಅಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: “ಶಿಕ್ಷೆಯಾದ ಅಪರಾಧಿಗಳ ಡಿಎನ್‌ಎ ತೆಗೆದಿಡುವ ಕಾನೂನಿಗೂ ನಿಮ್ಮಂಥ ಪತ್ರಿಕೆಯವರು ಅಡ್ಡಗಾಲು ಹಾಕುತ್ತೀರಿ. ತಪ್ಪು ಮಾಡದವನಿಗೆ ಭಯವೇಕೆ?”

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಸಹಜ. ಅತ್ಯಾಚಾರ ಸಾಬೀತಾದವನ ಮಾದರಿ ಪೊಲೀಸರ ಬಳಿ ಇದ್ದರೆ ನನ್ನ ತಕರಾರಿಲ್ಲ. ಈ ವಿಜ್ಞಾನದ ಮೇಲೂ ನನಗೆ ಗೌರವವಿದೆ. 1986ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸೀಮೆಯ ಇಬ್ಬರು ಹುಡುಗಿಯರ ಕೊಲೆ ಪ್ರಕರಣದಲ್ಲಿ ವಿಜ್ಞಾನಿ ಅಲೆಕ್ ಜೆಫ್ರಿಸ್ ಅವರ ಡಿಎನ್‌ಎ ಪರೀಕ್ಷೆ ಮೊದಲು ಮಾಡಿದ್ದೇ, ಪೊಲೀಸರೆದುರು ಒಂದು ಕೊಲೆ ಒಪ್ಪಿಕೊಂಡಿದ್ದ ಹದಿನೇಳರ ಹುಡುಗ ನಿರಪರಾಧಿಯೆಂದು ತೋರಿಸಿದ್ದು. ಕೊಲೆಗಾರ ಸಿಕ್ಕಿದ್ದು ಆಮೇಲೆ.

ಆದರೆ ಸ್ವಾಮಿ, ನೀವು ಕಾಯ್ದೆಯ ಸುದ್ದಿ ಕೇಳಿದ್ದೀರಿ, ಕಲಮುಗಳನ್ನು ಓದಿದಂತಿಲ್ಲ. 2022ರ ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆ ಬಂಧಿತರನ್ನೂ ಒಳಗೊಂಡಿದೆ. ಹೆಂಗಸರು, ಮಕ್ಕಳ ಮೇಲಿನ ಅಪರಾಧ ಅಥವಾ ಏಳು ವರ್ಷ, ಅದಕ್ಕೂ ಹೆಚ್ಚಿನ ಶಿಕ್ಷೆಯ ಆರೋಪವಿದ್ದರೆ ಜೈವಿಕ ಮಾದರಿ ಕೊಡಲಾರೆ ಎನ್ನುವಂತಿಲ್ಲ. ದಾಖಲೆ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯಲ್ಲಿ 75 ವರ್ಷ ಇರುತ್ತದೆ. ಖುಲಾಸೆಯಾದವನದನ್ನು ಅಳಿಸಬೇಕು, ನಿಜ. ಆದರೆ ಎಲ್ಲ ಮೇಲ್ಮನವಿಗಳೂ ಮುಗಿದ ಮೇಲೆ. ಮ್ಯಾಜಿಸ್ಟ್ರೇಟರು ಕಾರಣ ಬರೆದು ಅಳಿಸುವುದು ಬೇಡವೆಂದರೆ ಅದೂ ಇಲ್ಲ. ನಮ್ಮಲ್ಲಿ ಒಂದು ಕೇಸು ಮುಗಿಯಲು ಎಷ್ಟು ಕಾಲ ಬೇಕೆಂದು ನಿಮ್ಮೂರ ಕೋರ್ಟಿನ ಆವರಣದಲ್ಲಿ ಕೂತವರನ್ನೇ ಕೇಳಿ.

ಭಯವೇಕೆ ಎಂದಿರಿ. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿತು. ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ ಅಂಥವರನ್ನು ಸಂಸಾರಸಮೇತ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಆ ಬಡಾವಣೆಗೆ ಇಂದಿಗೂ ಅದೇ ಹೆಸರು. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೂ ಊರಲ್ಲಿ ಕಳವಾದರೆ ಪೊಲೀಸ್ ಜೀಪು ಮೊದಲು ಯಾವ ಕೇರಿಗೆ ಹೋಗುತ್ತದೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅಲ್ಲಿಂದ ಎಳೆತಂದವನ ಡಿಎನ್‌ಎ ಅವನೊಬ್ಬನದಲ್ಲ. ಒಡಹುಟ್ಟಿದವರ, ಮಕ್ಕಳ ಸುಳಿವೂ ಅದರಲ್ಲಿದೆ.

ಬ್ರಿಟನ್ನಿನಲ್ಲಿ ಹನ್ನೊಂದು ವರ್ಷದ ಹುಡುಗನನ್ನು ದರೋಡೆ ಯತ್ನದ ಆರೋಪದಲ್ಲಿ ಹಿಡಿದು, ಖುಲಾಸೆಯಾದ ಮೇಲೂ ಅವನ ಮಾದರಿ ಇಟ್ಟುಕೊಂಡಿದ್ದರು. 2008ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಮ್ಮತದಿಂದ ಅದು ತಪ್ಪೆಂದಿತು. 2012ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಹೇಳಿತಲ್ಲ, ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕನ್ನಡಿಗರಾದ ನಾವೇ ಅದನ್ನು ಮರೆತರೆ ಹೇಗೆ?

ನನ್ನ ಸಂಕಟ ಇನ್ನೂ ದೊಡ್ಡದು. 2022ರ ಈ ಕಾಯ್ದೆ ಮಂಡನೆಯಾದ ಹತ್ತು ದಿನದೊಳಗೆ ಎರಡೂ ಸದನ ದಾಟಿತು. ಸಮಿತಿಗೆ ಒಪ್ಪಿಸಿ ಎಂಬ ವಿರೋಧ ಪಕ್ಷಗಳ ಮಾತು ನಡೆಯಲಿಲ್ಲ. ಡಿಎನ್‌ಎ ಪ್ರಯೋಗಾಲಯಗಳಿಗೆ ಮಾನ್ಯತೆ, ನಿಯಂತ್ರಣ ಮಂಡಳಿ ಎಂದೆಲ್ಲ ಇದ್ದ 2019ರ ಮಸೂದೆಯನ್ನು ಸಂಸತ್ತಿನ ಸ್ಥಾಯಿ ಸಮಿತಿ ಕೂತು ಓದಿ ವರದಿ ಕೊಟ್ಟಿತ್ತು. ಅದನ್ನು 2023ರ ಜುಲೈನಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಮಾದರಿ ತೆಗೆಯುವ ಅಧಿಕಾರ ಬಂತು, ಅದನ್ನು ಜೋಪಾನ ಮಾಡುವ ಹೊಣೆ ಯಾರಿಗೂ ಬೇಡವಾಯಿತು. ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು, ಅದೂ ತಮಿಳುನಾಡಿನಲ್ಲಿ ಗಲ್ಲು ಶಿಕ್ಷೆಗೆ ಗುರಿಯಾಗಿದ್ದವನೊಬ್ಬನನ್ನು ಖುಲಾಸೆ ಮಾಡಿದ ತೀರ್ಪಿನಲ್ಲಿ.

ನೀವು ಚೆನ್ನಾಗಿ ಬರೆಯುತ್ತೀರಿ, ನೇರವಾಗಿ ಕೇಳುತ್ತೀರಿ. ಆ ಮಸೂದೆ ಏಕೆ ಹಿಂದೆ ಹೋಯಿತೆಂದು ನಿಮ್ಮ ಸಂಸದರಿಗೂ ಹೀಗೇ ಒಂದು ಪತ್ರ ಹಾಕಿ. ಉತ್ತರ ಬಂದರೆ ಕಳಿಸಿಕೊಡಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.