ಓದುಗರ ಪ್ರಶ್ನೆ: ಪಾರ್ಸರ್ ಫೈಲಿನೊಳಗಿನ ಆ ಸಂಖ್ಯೆಗಳು

ಪ್ರಶ್ನೆ: ಮೇಡಂ, ಕಂಪೈಲರ್ ಲ್ಯಾಬ್‌ನಲ್ಲಿ ಬೈಸನ್‌ಗೆ (ವ್ಯಾಕರಣದಿಂದ ಪಾರ್ಸರನ್ನು, ಅಂದರೆ ವಾಕ್ಯ ಬಿಡಿಸುವ ಪ್ರೋಗ್ರಾಮನ್ನು, ಬರೆದುಕೊಡುವ ಸಾಧನ) ಒಂದು ಪುಟ್ಟ ಕ್ಯಾಲ್ಕುಲೇಟರಿನ ವ್ಯಾಕರಣ ಕೊಟ್ಟೆ. ಅದು ಬರೆದುಕೊಟ್ಟ ಸಿ ಫೈಲ್ ತೆರೆದರೆ ವೈವೈಪ್ಯಾಕ್ಟ್, ವೈವೈಡೆಫ್ಯಾಕ್ಟ್, ವೈವೈಟೇಬಲ್, ವೈವೈಚೆಕ್ ಎಂಬ ಹೆಸರುಗಳ ಕೆಳಗೆ ಬರೀ ಸಂಖ್ಯೆಗಳು. ಪಠ್ಯಪುಸ್ತಕದ ಎಲ್‌ಆರ್ ಟೇಬಲ್ ಎಲ್ಲೂ ಕಾಣಲಿಲ್ಲ. ಕೇಳಿದರೆ ‘ಅದು ಮಷೀನ್ ಬರೆದದ್ದು, ಓದೋ ಅಗತ್ಯ ಇಲ್ಲ’ ಅಂದರು. ನಿಜವಾಗಿಯೂ ಓದಬೇಕಿಲ್ಲವೇ?
— ಬಿ.ಇ. ಅಂತಿಮ ವರ್ಷದ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಓದಬೇಕು. ಚೌಕಳಿ ಹಾಳೆ, ಪೆನ್ಸಿಲ್ ಹಿಡಿದು ಕೂತರೆ ಒಂದು ಮಧ್ಯಾಹ್ನದ ಕೆಲಸ. ಪಾರ್ಸರ್ ಈಗ ಯಾವ ಸ್ಥಿತಿಯಲ್ಲಿದೆ, ಮುಂದಿನ ಟೋಕನ್ (ಪದ ಅಥವಾ ಚಿಹ್ನೆ) ಯಾವುದು ಎಂದು ನೋಡಿ ಏನು ಮಾಡಬೇಕೆಂದು ಹೇಳುವ ನಿಮ್ಮ ಪುಸ್ತಕದ ಟೇಬಲ್ ಅಲ್ಲೇ ಇದೆ, ಮಡಿಸಿ ಇಟ್ಟಿದ್ದಾರೆ ಅಷ್ಟೇ.

ಮಡಿಸಬೇಕಾಗಿ ಬಂದದ್ದು ಜಾಗದ ಕೊರತೆಯಿಂದ. ಡೊನಾಲ್ಡ್ ಕನೂತ್ ಎಲ್‌ಆರ್ ಪಾರ್ಸಿಂಗ್ ವಿವರಿಸಿದ್ದು 1965ರಲ್ಲಿ. ಆ ವಿಧಾನದ ಟೇಬಲ್‌ಗಳು ಅಂದಿನ ಯಂತ್ರಗಳಿಗೆ ತೀರಾ ದೊಡ್ಡವು. 1969ರಲ್ಲಿ ಫ್ರಾಂಕ್ ಡಿರೆಮರ್ ಸ್ಥಿತಿಗಳನ್ನು ಒಂದುಗೂಡಿಸುವ ಎಲ್‌ಎಎಲ್‌ಆರ್ ದಾರಿ ತೋರಿಸಿದರು. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1970ರ ದಶಕದ ಆರಂಭದಲ್ಲಿ ಬೈಸನ್ನಿನ ಪೂರ್ವಜ ಯಾಕ್ ಬರೆದರು. ಆ ಕಾಲದ ಪಿಡಿಪಿ-11 ಕಂಪ್ಯೂಟರಿನ ವಿಳಾಸ 16 ಬಿಟ್‌ನದು. ಒಮ್ಮೆಗೆ ಎಟುಕುವುದು 64 ಕಿಲೋಬೈಟ್. ಅಲ್ಲಿ ಟೇಬಲ್‌ನ ಖಾಲಿ ಮನೆಗಳಿಗೆ ಜಾಗ ಕೊಡುವುದು ಸಾಧ್ಯವೇ ಇರಲಿಲ್ಲ.

ಈಗ ಹಾಳೆ ತೆಗೆದುಕೊಳ್ಳಿ. ಎಲ್ಲ ಪುಸ್ತಕಗಳಲ್ಲೂ ಇರುವ ಆರು ನಿಯಮಗಳ ಲೆಕ್ಕದ ವ್ಯಾಕರಣವೇ ಸಾಕು: ಕೂಡುವುದು, ಗುಣಿಸುವುದು, ಕಂಸ, ಹೆಸರು. ಅದಕ್ಕೆ 12 ಸ್ಥಿತಿಗಳು, 0ಯಿಂದ 11. ಟೋಕನ್‌ಗಳು ಆರು: ಹೆಸರು 0, + 1, * 2, ( 3, ) 4, ಮುಕ್ತಾಯ 5. ಆಕ್ಷನ್ ಟೇಬಲ್‌ನಲ್ಲಿ 72 ಮನೆ, ತುಂಬಿದ್ದು 36.

ಮೊದಲ ಮಡಿಕೆ ಇದು. ಸ್ಥಿತಿ 5ರಲ್ಲಿದ್ದೇವೆ ಅಂದರೆ ಈಗಷ್ಟೇ ಒಂದು ಹೆಸರು ಓದಿದ್ದೇವೆ. ಮುಂದೆ +, *, ), ಮುಕ್ತಾಯ ಯಾವುದೇ ಬರಲಿ, ಮಾಡುವ ರಿಡ್ಯೂಸ್ (ಓದಿದ ತುಣುಕನ್ನು ನಿಯಮದ ಹೆಸರಿಗೆ ಬದಲಿಸುವುದು) ಒಂದೇ. ಅದನ್ನು ನಾಲ್ಕು ಮನೆಗಳಲ್ಲಿ ಬರೆಯುವ ಬದಲು ‘ಬೇರೇನೂ ಹೇಳಿಲ್ಲದಿದ್ದರೆ ಇದನ್ನು ಮಾಡು’ ಎಂದು ಸ್ಥಿತಿಯ ಹೆಸರಿನಲ್ಲಿ ಒಮ್ಮೆ ಬರೆದಿಟ್ಟರಾಯಿತು. ವೈವೈಡೆಫ್ಯಾಕ್ಟ್ ಎಂದರೆ ಇದೇ. ಹೀಗೆ 22 ಮನೆಗಳು ಖಾಲಿಯಾಗಿ 14 ಉಳಿಯುತ್ತವೆ. ಅದರಲ್ಲೂ 0, 4, 6, 7ನೇ ಸ್ಥಿತಿಗಳ ಸಾಲುಗಳು ತದ್ರೂಪು; 2 ಮತ್ತು 9 ಕೂಡ ಹಾಗೆಯೇ. ತದ್ರೂಪು ಸಾಲುಗಳನ್ನು ಒಂದೇ ಸಲ ಇಟ್ಟರೆ ಕೊನೆಗೆ ಉಳಿಯುವುದು ಏಳೇ ನಮೂದು.

ಎರಡನೆಯ ಮಡಿಕೆ ಹಣಿಗೆಯದು. ನಮ್ಮ ಧಾರವಾಡದ ಕಡೆ ಬಾಚಣಿಗೆಗೆ ಹಣಿಗೆ ಅಂತೀವಿ. ಹಲ್ಲು ಉದುರಿದ ನಾಲ್ಕು ಹಣಿಗೆಗಳನ್ನು ಒಂದರ ಸಂದಿಗೆ ಇನ್ನೊಂದರ ಹಲ್ಲು ಕೂರುವ ಹಾಗೆ ಸರಿಸಿ ಸರಿಸಿ ಹೊಂದಿಸುವುದು. ಯಾವ ಸಾಲನ್ನು ಎಷ್ಟು ಸರಿಸಿದಿರಿ ಎಂಬ ಅಂಕಿಯೇ ವೈವೈಪ್ಯಾಕ್ಟ್. ಮೊದಲ ಗುಂಪು (0, 4, 6, 7) ಸರಿಯದೆ 0ಯಲ್ಲೇ ಇರಲಿ. ಸ್ಥಿತಿ 1 ಒಂದು ಮನೆ ಮುಂದೆ, ಸ್ಥಿತಿ 8 ಮೂರು ಮನೆ ಮುಂದೆ, 2–9ರ ಗುಂಪು ಒಂದು ಮನೆ ಹಿಂದೆ, ಅಂದರೆ -1. ಎಲ್ಲ ಸೇರಿ ಎಂಟು ಮನೆಗಳ ಒಂದು ಪಟ್ಟಿ (ಮನೆಗಳನ್ನು 0ಯಿಂದ ಎಣಿಸಿ; ಮೊದಲ ಸಾಲಿನ ಅಂಕಿ ಮುಂದೆ ಹೋಗಬೇಕಾದ ಸ್ಥಿತಿ):

ಟೇಬಲ್: 5, 7, 6, 4, 6, ಖಾಲಿ, ಒಪ್ಪಿಗೆ, 11
ಚೆಕ್: 0, 2, 1, 3, 1, ಖಾಲಿ, 5, 4

ಎರಡನೆಯ ಸಾಲು ವೈವೈಚೆಕ್. ಆ ಮನೆಯಲ್ಲಿ ಕೂತ ನಮೂದು ಯಾವ ಟೋಕನ್‌ಗೆ ಸೇರಿದ್ದು ಎಂದು ಅದು ಹೇಳುತ್ತದೆ. ಸ್ಥಿತಿ 8ರಲ್ಲಿ ) ಬಂತು ಅನ್ನಿ: 3ಕ್ಕೆ 4 ಕೂಡಿಸಿ, ಏಳನೆಯ ಮನೆ. ಚೆಕ್‌ನಲ್ಲಿ 4 ಇದೆ, ನಮ್ಮದೇ. ಹಾಗಾಗಿ ಶಿಫ್ಟ್ ಮಾಡಿ, ಅಂದರೆ ಟೋಕನ್ ಒಳಗೆ ತೆಗೆದುಕೊಂಡು, ಸ್ಥಿತಿ 11ಕ್ಕೆ ಹೋಗು. ಅದೇ ಸ್ಥಿತಿಯಲ್ಲಿ ( ಬಂದರೆ ಆರನೆಯ ಮನೆ, ಚೆಕ್‌ನಲ್ಲಿ 5 ಇದೆ, ಅದು ಬೇರೆಯವರ ಹಲ್ಲು. ಆಗ ಡಿಫಾಲ್ಟ್ ನೋಡಬೇಕು. ಈ ಸ್ಥಿತಿಗೆ ಅದೂ ಇಲ್ಲವಾದ್ದರಿಂದ ದೋಷ. ಕೂಡಿಸಿದ ಅಂಕಿ ಪಟ್ಟಿಯ ಆಚೆ ಬಿದ್ದರೂ ಇದೇ ಕ್ರಮ. ಬೈಸನ್‌ನ ನಿಜವಾದ ಟೇಬಲ್‌ನಲ್ಲಿ ಧನ ಸಂಖ್ಯೆ ಶಿಫ್ಟ್, ಋಣ ಸಂಖ್ಯೆ ರಿಡ್ಯೂಸ್.

ನೀವು ತಪ್ಪದೆ ಮಾಡಿ ನೋಡಬೇಕಾದ ಪ್ರಯೋಗವೊಂದಿದೆ. ಹೊಸದೊಂದು ಖಾಲಿ ಪಟ್ಟಿಯಲ್ಲಿ ಮೊದಲ ಗುಂಪಿನ ಜೊತೆ ಸ್ಥಿತಿ 1ರ ಸಾಲನ್ನೂ 0ಯಲ್ಲೇ ಇಡಿ. ಹಲ್ಲುಗಳು ತಾಗುವುದಿಲ್ಲ, ಚೆನ್ನಾಗಿಯೇ ಕೂರುತ್ತದೆ. ಈಗ ಸ್ಥಿತಿ 0ಯಲ್ಲಿ, ವಾಕ್ಯದ ಮೊದಲಲ್ಲೇ, + ಕೊಡಿ. ಒಂದನೆಯ ಮನೆ, ಚೆಕ್ 1, ಸರಿಹೊಂದಿತು! ಬರಬಾರದ + ಅನ್ನು ಪಾರ್ಸರ್ ನುಂಗಿಬಿಟ್ಟಿತು. ಚೆಕ್ ಕಾಯುವುದು ಟೋಕನ್ನನ್ನು, ಸ್ಥಿತಿಯನ್ನಲ್ಲ. ಆದ್ದರಿಂದ ಬೇರೆ ಬೇರೆ ಎರಡು ಸಾಲುಗಳು ಒಂದೇ ಅಂಕಿಯಷ್ಟು ಸರಿಯುವಂತಿಲ್ಲ. ಬೈಸನ್ ಈ ಷರತ್ತನ್ನು ಪ್ರತಿ ಸಾಲಿಗೂ ಪರೀಕ್ಷಿಸುತ್ತದೆ. ವಿದ್ಯಾರ್ಥಿಗಳು ತಾವೇ ಬರೆಯುವ ಟೇಬಲ್ ಪ್ಯಾಕರ್‌ಗಳಲ್ಲಿ ನಾನು ಅತಿ ಹೆಚ್ಚು ಸಲ ಕಂಡ ತಪ್ಪು ಇದೇ.

ಅತಿ ಚಿಕ್ಕ ಪಟ್ಟಿಯನ್ನು ಹುಡುಕುವುದು ಎನ್‌ಪಿ-ಕಂಪ್ಲೀಟ್ ಸಮಸ್ಯೆ, ಅಂದರೆ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ದೊಡ್ಡ ಸಾಲುಗಳನ್ನು ಮೊದಲು ಕೂರಿಸಿ, ಉಳಿದವನ್ನು ಹಿಡಿಯುವ ಮೊದಲ ಜಾಗಕ್ಕೆ ತಳ್ಳುತ್ತಾರೆ. ಇದು ಸಾಕಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದರ ವಿಶ್ಲೇಷಣೆಯನ್ನು 1979ರಲ್ಲಿ ಟಾರ್ಜನ್ ಮತ್ತು ಯಾವೊ ಕೊಟ್ಟರು. ನಮ್ಮ ಪುಟ್ಟ ವ್ಯಾಕರಣದಲ್ಲಿ 72ರ ಬದಲು 40 ಅಂಕಿ: ಎಂಟೆಂಟರ ಎರಡು ಪಟ್ಟಿ, ಸ್ಥಿತಿಗೊಂದರಂತೆ ಹನ್ನೆರಡರ ಎರಡು ಪಟ್ಟಿ. ಸ್ಥಿತಿಗಳು ನೂರಾರು ಆದಾಗ ಉಳಿತಾಯ ಇನ್ನೂ ಬಹಳ ಹೆಚ್ಚು. ರಿಡ್ಯೂಸ್ ಆದಮೇಲೆ ಯಾವ ಸ್ಥಿತಿಗೆ ಹೋಗಬೇಕೆಂದು ಹೇಳುವ ಗೋಟೂ ಟೇಬಲ್‌ಗೂ ಇದೇ ಉಪಾಯ, ಕಾಲಂ ಪ್ರಕಾರ.

ಪ್ರಶ್ನೆ: ಈಗ ಮೆಮೊರಿ ಅಗ್ಗ. ಇಷ್ಟೆಲ್ಲ ಮಡಿಸುವುದರಿಂದ ನಷ್ಟವೇನೂ ಇಲ್ಲವೇ?
— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಉತ್ತರ: ಇದೆ, ಅದನ್ನು ತೋರಿಸಿಕೊಟ್ಟವನು ನನ್ನ ವಿದ್ಯಾರ್ಥಿ. ಮೇಲಿನ ವ್ಯಾಕರಣಕ್ಕೇ ದೋಷ ಸೂಚನೆಗಳನ್ನು ಕನ್ನಡದಲ್ಲಿ ಬರೆದು ತರಗತಿಯಲ್ಲಿ ತೋರಿಸುತ್ತಿದ್ದೆ. ಆತ ‘ಬೆಲೆ ತೆರಿಗೆ’ ಎಂದು ಎರಡು ಹೆಸರುಗಳನ್ನು ಪಕ್ಕಪಕ್ಕ ಕೊಟ್ಟ. ‘ಇಲ್ಲಿ + ಅಥವಾ ಮುಕ್ತಾಯ ಇರಬೇಕಿತ್ತು’ ಎಂದು ಬಂತು. ‘* ಹಾಕಿದ್ರೂ ನಡೀತದಲ್ರೀ ಮೇಡಂ?’ ಎಂದು ಕೇಳಿದ. ಅವನು ಕೇಳಿದ್ದು ಸರಿ.

ಪೂರ್ತಿ ಟೇಬಲ್ ಇದ್ದರೆ ಸ್ಥಿತಿ 5ರಲ್ಲೇ ದೋಷ ಸಿಕ್ಕಿಬೀಳುತ್ತಿತ್ತು. ಡಿಫಾಲ್ಟ್ ಇರುವುದರಿಂದ ಪಾರ್ಸರ್ ಮುಂದಿನ ಟೋಕನ್ ಸರಿಯೇ ಎಂದು ನೋಡದೆ ಒಂದರ ಮೇಲೊಂದು ಮೂರು ರಿಡ್ಯೂಸ್ ಮಾಡಿ ಸ್ಥಿತಿ 1ಕ್ಕೆ ಬಂದು ನಿಂತಿತು. ಅಲ್ಲಿ * ತೆಗೆದುಕೊಳ್ಳುವ ಅವಕಾಶ ಕಳೆದುಹೋಗಿದೆ. ತಪ್ಪು ಟೋಕನ್ ಎಂದಿಗೂ ಶಿಫ್ಟ್ ಆಗುವುದಿಲ್ಲ, ಆ ಖಾತರಿ ಉಳಿದಿದೆ. ಕೆಟ್ಟದ್ದು ಸೂಚನೆ. ಕಲಿಯುವ ಮಕ್ಕಳಿಗೆ ಅರ್ಧ ಉತ್ತರ ಕೊಡುವ ಸೂಚನೆ ನನಗೆ ಸಣ್ಣ ವಿಷಯವಲ್ಲ. ಬೈಸನ್‌ನಲ್ಲಿ ಇದಕ್ಕೆ ಲುಕ್‌ಅಹೆಡ್ ಕರೆಕ್ಷನ್ ಎಂಬ ಸೌಲಭ್ಯವಿದೆ. ಪಾರ್ಸ್ ಡಾಟ್ ಲ್ಯಾಕ್ ಅನ್ನು ಫುಲ್ ಎಂದು ಹೊಂದಿಸಿದರೆ, ಟೋಕನ್ ನಿಜಕ್ಕೂ ಶಿಫ್ಟ್ ಆದೀತೇ ಎಂದು ಮೊದಲೇ ಹುಸಿ ಓಟ ಓಡಿ ನೋಡುತ್ತದೆ. ಟೇಬಲ್ ಚಿಕ್ಕದಾಗಿಯೇ ಇರುತ್ತದೆ, ಸೂಚನೆಯಲ್ಲಿ * ಕೂಡ ಬರುತ್ತದೆ. ಆ ಸಂಜೆ ಅದನ್ನು ಸೇರಿಸಿದವಳು ಮತ್ತೆ ಯಾವ ವ್ಯಾಕರಣದಲ್ಲೂ ಬಿಟ್ಟಿಲ್ಲ.

ಪ್ರಶ್ನೆ: ಕನ್ನಡ ಪದಗಳನ್ನೇ ಬಳಸುವ ಪುಟ್ಟ ಭಾಷೆ ಮಾಡುತ್ತಿದ್ದೇನೆ. ನಮ್ಮ ಅಕ್ಷರಗಳಿಂದ ಟೇಬಲ್ ಉಬ್ಬುತ್ತದೆಯೇ?
— ಓದುಗರು, ಶಿರಸಿ

ಉತ್ತರ: ಪಾರ್ಸರ್ ಟೇಬಲ್ ಒಂದು ಮನೆಯಷ್ಟೂ ಉಬ್ಬುವುದಿಲ್ಲ, ಅದಕ್ಕೆ ತಲುಪುವುದು ಟೋಕನ್ ಸಂಖ್ಯೆ ಮಾತ್ರ. ಅಕ್ಷರ ನೋಡಿ ಟೋಕನ್ನುಗಳಾಗಿ ಕತ್ತರಿಸುವುದು ಫ್ಲೆಕ್ಸ್ ಎಂಬ ಸಾಧನ ಬರೆದುಕೊಡುವ ಸ್ಕ್ಯಾನರ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್: ಮೊದಲು 224, ಆಮೇಲೆ 178 ಅಥವಾ 179, ಕೊನೆಗೆ 128ರಿಂದ 191ರೊಳಗಿನ ಒಂದು. ಹೆಸರುಗಳಿಗೆ ಇಷ್ಟೇ ನಿಯಮ ಬರೆದರೆ ಒಂದೇ ಥರ ನಡೆದುಕೊಳ್ಳುವ ಬೈಟ್‌ಗಳನ್ನು ಫ್ಲೆಕ್ಸ್ ಒಂದು ಗುಂಪಾಗಿಸುತ್ತದೆ, ಹಾಗಾಗಿ ಆ 65 ಬೈಟ್‌ಗಳಿಗೆ ಮೂರೇ ಕಾಲಂ ಸಾಕು. ಆಮೇಲೆ ಅದೂ ಹಣಿಗೆಯಂತೆಯೇ ಹೊಂದಿಸುತ್ತದೆ. ಒಂದನ್ನು ಮಾತ್ರ ಮರೆಯಬೇಡಿ: ‘ಲ್ಯಾಬ್‌ನಲ್ಲಿ’ ಎಂಬಂಥ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ, 226, 128, 140. ಅದನ್ನು ನಿಯಮದಲ್ಲಿ ಸೇರಿಸದಿದ್ದರೆ ಪದ ಅಲ್ಲಿಗೇ ತುಂಡಾಗುತ್ತದೆ.