ಫ್ರೀಜರ್ ತುಂಬ ಬರ್ಫ್ ಕಟ್ಟಿದರೆ ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ: ನಮ್ಮದು ಒಂದು ಬಾಗಿಲಿನ 190 ಲೀಟರ್ ಫ್ರಿಜ್. ಕರಗಿಸಿದ ಹತ್ತೇ ದಿನಕ್ಕೆ ಫ್ರೀಜರ್ ತುಂಬ ಬರ್ಫ್ ಕಟ್ಟಿ ಅದರ ಮುಚ್ಚಳ ಹಾಕಲು ಬರುವುದಿಲ್ಲ. ಕೆಳಗಿಟ್ಟ ಹಾಲು, ಕಾಯಿಪಲ್ಯ ಮಾತ್ರ ತಣ್ಣಗಾಗುವುದಿಲ್ಲ. ನಾಬ್ ಪೂರ್ತಿ ಏರಿಸಿದ್ದೇವೆ. ನೋಡಲು ಬಂದವರು ಗ್ಯಾಸ್ ತುಂಬಿಸಬೇಕೆಂದರು. ತುಂಬಿಸಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಡ. ಗ್ಯಾಸ್ ಕಡಿಮೆಯಾದ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ಒಂದು ಭಾಗದಲ್ಲಷ್ಟೇ ಬರ್ಫ್ ಹಿಡಿದು ಉಳಿದ ತಗಡು ಬರಿದಾಗಿರುತ್ತದೆ. ಸುತ್ತಲೂ ದಪ್ಪಗೆ ಕಟ್ಟಿದೆಯೆಂದರೆ ಗ್ಯಾಸ್ ತನ್ನ ಕೆಲಸ ಮಾಡುತ್ತಿದೆ. ಒಂದೋ ತೇವ ಒಳಗೆ ಸೇರುತ್ತಿದೆ, ಇಲ್ಲವೇ ಕಂಪ್ರೆಸರ್ ಸಮಯಕ್ಕೆ ನಿಲ್ಲುತ್ತಿಲ್ಲ. ದಪ್ಪ ಬರ್ಫ್ ತಂಪನ್ನು ಕೆಳಗಿಳಿಯಲು ಬಿಡುವುದಿಲ್ಲ. ನಾಬ್ ಏರಿಸಿದಷ್ಟೂ ಬರ್ಫ್ ಬೆಳೆಯುತ್ತದೆ, ಕೆಳಗೆ ಸೆಕೆ ಹಾಗೇ ಇರುತ್ತದೆ.

ಮೊದಲು ಪೂರ್ತಿ ಕರಗಿಸಿ. ನಾಬಿನ ನಡುವಿನ ಡಿಫ್ರಾಸ್ಟ್ ಗುಂಡಿ ಅರ್ಧ ಸೆಂಟಿಮೀಟರ್ ಬರ್ಫಿಗೆ ಸರಿ. ನಿಮ್ಮಷ್ಟು ದಪ್ಪಕ್ಕೆ ಪ್ಲಗ್ ತೆಗೆದು, ಬಾಗಿಲು ತೆರೆದು, ಫ್ರೀಜರಿನಲ್ಲಿ ಬಿಸಿನೀರಿನ ಬಟ್ಟಲಿಡಿ, ಆರಿದಾಗ ಬದಲಿಸಿ. ಚಾಕು, ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. ಆ ತೆಳು ತಗಡಿನೊಳಗೇ ಗ್ಯಾಸ್ ಓಡುತ್ತದೆ, ಸೂಜಿಮೊನೆಯಷ್ಟು ತೂತು ಬಿದ್ದರೂ ಫ್ರೀಜರನ್ನೇ ಬದಲಿಸಬೇಕಾದೀತು. ಈಚಿನ ಹಲವು ಫ್ರಿಜ್ಜುಗಳಲ್ಲಿರುವ ಆರ್-600ಎ ಗ್ಯಾಸ್ ಬೆಂಕಿ ಹಿಡಿಯುವಂಥದ್ದು.

ಒರೆಸಿ ಒಣಗಿಸಿದ ಮೇಲೆ ಫ್ರೀಜರಿನ ಚಿಕ್ಕ ಮುಚ್ಚಳ ನೋಡಿ. ಹೆಚ್ಚಿನವರು ಗಮನಿಸದ ಭಾಗ ಇದೇ. ಸ್ಪ್ರಿಂಗ್ ಹೋಗಿದ್ದರೆ, ಅಂಚು ಮುರಿದಿದ್ದರೆ ಒಳಗಿನ ತೇವವೆಲ್ಲ ಅಲ್ಲೇ ಹೆಪ್ಪುಗಟ್ಟುತ್ತದೆ. ಆಮೇಲೆ ಬಾಗಿಲಿನ ಗ್ಯಾಸ್ಕೆಟ್, ಅಂದರೆ ಅಂಚಿನ ರಬ್ಬರ್ ಪಟ್ಟಿ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ, ನಾಲ್ಕೂ ಬದಿಯಲ್ಲಿ. ಬಿಗಿಯಿಲ್ಲದೆ ಜಾರಿ ಬಂದಲ್ಲಿ ಗಾಳಿ ನುಗ್ಗುತ್ತಿದೆ. ಮಡಿಕೆಯಲ್ಲಿ ಕೂತ ಜೋಳದ ಹಿಟ್ಟು, ಜಿಡ್ಡನ್ನು ಸಾಬೂನು ನೀರಿನಿಂದ ತೊಳೆಯಿರಿ. ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಕಾಸಿ ನೇರಮಾಡಿ. ಆಗಲೂ ಹಿಡಿಯದಿದ್ದರೆ ಹೊಸದು ಹಾಕಿಸಿ.

ನಾಬ್ ನಡುವಿಗಿಟ್ಟು ಮೂರು ದಿನ ನಡೆಸಿ. ಬಳಿಕ ರಾತ್ರಿ, ಕಂಪ್ರೆಸರ್ ಓಡುತ್ತಿರುವಾಗ ನಾಬನ್ನು ಕನಿಷ್ಠಕ್ಕೆ ತಿರುಗಿಸಿ. ‘ಟಕ್’ ಎಂದು ಕಂಪ್ರೆಸರ್ ನಿಲ್ಲಬೇಕು. ನಿಲ್ಲದಿದ್ದರೆ ತಂಪು ನೋಡಿ ಕಂಪ್ರೆಸರ್ ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟಿರಬಹುದು, ಅಥವಾ ಅದರ ತೆಳು ಕೊಳವೆ ಫ್ರೀಜರ್ ತಗಡಿನಿಂದ ಕಳಚಿರಬಹುದು. ಮೆಕ್ಯಾನಿಕ್ ಬಂದಾಗ ಮೊದಲು ಕೊಳವೆಯನ್ನೇ ನೋಡಲು ಹೇಳಿ. ಸಿಕ್ಕಿಸಿದರೆ ಸಾಕಾಗುವ ಸಂದರ್ಭಗಳಿವೆ.

ನಮ್ಮ ಕಡೆಯ ಬೇಸಿಗೆ ಗಾಳಿ ಒಣದು. ಹಾಗಿದ್ದೂ ಏಪ್ರಿಲಿನಲ್ಲಿ ಇಷ್ಟು ಬೇಗ ಬರ್ಫ್ ಬೆಳೆದರೆ ನೀವು ಒಳಗಿಡುವ ಪದಾರ್ಥಗಳ ಮೇಲೂ ಅನುಮಾನ ಬರಬೇಕು. ಬಿಸಿ ಬೇಳೆ, ಮುಚ್ಚದ ಮಜ್ಜಿಗೆ, ತೊಳೆದು ಹಾಗೇ ಇಟ್ಟ ಕೊತ್ತಂಬರಿ ಇವೆಲ್ಲ ತೇವ ಬಿಡುತ್ತವೆ. ಕುಡಿಯುವ ನೀರು ಮಣ್ಣಿನ ಗಡಿಗೆಯಲ್ಲಿರಲಿ. ಬಾಗಿಲು ತೆರೆಯುವುದು ಎಷ್ಟೋ ತಪ್ಪುತ್ತದೆ.

ತಾನೇ ಬರ್ಫ್ ಕರಗಿಸಿಕೊಳ್ಳುವ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜಿಗೆ ಇದು ಅನ್ವಯಿಸದು. ಅದರ ಫ್ರೀಜರಿನ ಹಿಂಗೋಡೆಯಲ್ಲಿ ಬರ್ಫ್ ಕಂಡರೆ ಡಿಫ್ರಾಸ್ಟ್ ಹೀಟರ್, ಸೆನ್ಸರ್, ಫ್ಯೂಸ್ ಪರೀಕ್ಷಿಸಬೇಕು. ತರಕಾರಿ ಟ್ರೇ ಕೆಳಗೆ ನೀರು ನಿಂತಿದ್ದರೆ ನೀರು ಹೋಗುವ ತೂತು ಕಟ್ಟಿರಬಹುದು.